ನೆಲದೊಳಗಿನ ಬಿರುಕನ್ನು ಕಾಣುವುದು ಹೇಗೆ?

ಸಂತೆಯಲ್ಲಿ ಮಡಕೆ ಕೊಳ್ಳುವಾಗ ನೀವು ಏನು ಮಾಡುತ್ತೀರಿ? ಬೆರಳಿನಿಂದ ತಟ್ಟಿ ನೋಡುತ್ತೀರಿ, ಅಲ್ಲವೇ? ಟಣ್ ಅಂದ್ರೆ ಮಡಕೆ ಗಟ್ಟಿ. ಸದ್ದು ಬೇರೆ ಬಂದರೆ ಎಲ್ಲೋ ಬಿರುಕು ಇದೆ ಅಂತ ಅರ್ಥ. ವಿಜ್ಞಾನಿಗಳು ನೆಲವನ್ನೂ ಹೀಗೇ ತಟ್ಟಿ ನೋಡುತ್ತಾರೆ.

ನೆಲವನ್ನು ಯಾಕೆ ತಟ್ಟಬೇಕು?

ನೆಲದ ಕೆಳಗೆ ಬಂಡೆ ಸೀಳಿದ ಜಾಗಗಳಿವೆ. ಸೀಳಿನ ಎರಡೂ ಬದಿ ಒಂದನ್ನೊಂದು ಒತ್ತಿಕೊಂಡಿರುತ್ತವೆ. ಒತ್ತಡ ಹೆಚ್ಚಾಗಿ ಒಂದು ಬದಿ ಸರಕ್ಕನೆ ಜಾರಿದರೆ ಭೂಮಿ ನಡುಗುತ್ತದೆ. ಅದೇ ಭೂಕಂಪ.

ಕಿಲ್ಲಾರಿಯ ಹೆಸರು ನೀವು ಕೇಳಿರಬೇಕು. ಅದು ಬೀದರಿನ ಗಡಿಗೆ ಹೊಂದಿಕೊಂಡ ಲಾತೂರ ಜಿಲ್ಲೆಯ ಊರು. 1993ರ ಸೆಪ್ಟೆಂಬರ್ 30ರಂದು ನಸುಕಿನ ನಾಲ್ಕು ಗಂಟೆಯ ಹೊತ್ತಿಗೆ ಅಲ್ಲಿ ಭೂಕಂಪ ಆಯಿತು. ಜನ ಗಣಪತಿಯನ್ನು ಬಿಟ್ಟುಬಂದು ಮಲಗಿದ್ದರು. ಸುಮಾರು 10,000 ಮಂದಿ ಸತ್ತರು. ಆಗಿನ ನಕಾಶೆಯಲ್ಲಿ ಆ ಭಾಗಕ್ಕೆ ಭೂಕಂಪದ ಭಯ ಅತಿ ಕಡಿಮೆ ಅಂತ ಇತ್ತು. ಸೀಳು ಕಪ್ಪುಕಲ್ಲಿನ ಕೆಳಗೆ ಅಡಗಿತ್ತು.

ತಟ್ಟುವುದು ಹೇಗೆ?

ಮೊದಲು ನೆಲದ ಮೇಲೆ ಉದ್ದಕ್ಕೂ ಸಣ್ಣ ಯಂತ್ರಗಳನ್ನು ಸಾಲಾಗಿ ಊರುತ್ತಾರೆ. ಇವುಗಳ ಹೆಸರು ಜಿಯೋಫೋನ್. ಇವು ನೆಲದ ಕಿವಿ ಇದ್ದಂತೆ. ಆಮೇಲೆ ಕಬ್ಬಿಣದ ತಟ್ಟೆ ಇಟ್ಟು ದೊಡ್ಡ ಸುತ್ತಿಗೆಯಿಂದ ಹೊಡೆಯುತ್ತಾರೆ. ಇನ್ನೂ ಆಳಕ್ಕೆ ನೋಡಬೇಕಾದರೆ ನೆಲ ನಡುಗಿಸುವ ಲಾರಿ ತರುತ್ತಾರೆ.

ನಡುಕ ಅಲೆಯಾಗಿ ಕೆಳಗೆ ಇಳಿಯುತ್ತದೆ. ಮಣ್ಣು ಮುಗಿದು ಕಲ್ಲು ಸಿಕ್ಕಲ್ಲಿ ಅಲೆಯ ಒಂದು ಭಾಗ ವಾಪಸ್ ಬರುತ್ತದೆ. ಬಾವಿಯಲ್ಲಿ ಕೂಗಿದರೆ ದನಿ ಮರಳಿ ಬರ್ತದಲ್ಲ, ಹಾಗೆ. ಅಲೆ ಎಷ್ಟು ಹೊತ್ತಿಗೆ ಬಂತು ಅಂತ ನೋಡಿ ಕಂಪ್ಯೂಟರ್ ಚಿತ್ರ ಬರೆಯುತ್ತದೆ. ಪೇರಿಸಿಟ್ಟ ರೊಟ್ಟಿಗಳ ಹಾಗೆ ಪದರಗಳು ಕಾಣುತ್ತವೆ. ಒಂದು ಕಡೆ ಎಲ್ಲ ಪದರಗಳೂ ತುಂಡಾಗಿ ಕೆಳಗೆ ಜಾರಿದ್ದರೆ ಸೀಳು ಅಲ್ಲಿದೆ.

ಮೇಲಿನ ಹೊಸ ಮಣ್ಣಿನ ಪದರವೂ ತುಂಡಾಗಿದೆಯೇ? ಹಾಗಾದರೆ ಆ ಸೀಳು ಈಚೆಗೆ ಜಾರಿದೆ. ಈಚೆಗೆ ಅಂದರೆ ಕೆಲವು ಸಾವಿರ ವರ್ಷಗಳ ಒಳಗೆ ಇರಬಹುದು. ಭೂಮಿಯ ಲೆಕ್ಕದಲ್ಲಿ ಅದು ನಿನ್ನೆಯ ಮಾತು. ಅದು ಮತ್ತೆ ಜಾರಬಹುದು. ಅದಕ್ಕೇ ಮೇಲಿನ ಪದರಗಳನ್ನು ನೋಡುವುದು ಮುಖ್ಯ.

ಎಲ್ಲಿ ಹೀಗೆ ನೋಡಿದ್ದಾರೆ?

ನ್ಯೂಜಿಲೆಂಡ್ ದೇಶದಲ್ಲಿ ಕ್ರೈಸ್ಟ್‌ಚರ್ಚ್ ಎಂಬ ನಗರ ಇದೆ. 2011ರ ಫೆಬ್ರವರಿ 22ರ ಭೂಕಂಪದಲ್ಲಿ ಅಲ್ಲಿ 185 ಜನ ಸತ್ತರು. ಆ ಸೀಳು ಇದೆ ಅಂತ ಮೊದಲು ಯಾರಿಗೂ ಗೊತ್ತಿರಲಿಲ್ಲ. ನೆಲದ ಮೇಲೆ ಅದರ ಗುರುತೂ ಮೂಡಲಿಲ್ಲ. ಆಮೇಲೆ ವಿಜ್ಞಾನಿಗಳು ನಗರದ ಬೀದಿಯಲ್ಲಿ, ಸಮುದ್ರದ ದಂಡೆಯಲ್ಲಿ ಜಿಯೋಫೋನ್ ಇಟ್ಟು ನೆಲದ ಒಳಗನ್ನು ನೋಡಿದರು.

ನಮಗೆ ಇದರಿಂದ ಏನು?

ಒಂದು ಮಾತು ನೆನಪಿಡಿ. ಈ ಚಿತ್ರ ಸೀಳು ಎಲ್ಲಿದೆ ಅಂತ ಹೇಳುತ್ತದೆ. ಯಾವಾಗ ಜಾರುತ್ತದೆ ಅಂತ ಹೇಳುವುದಿಲ್ಲ. ಇಂಥ ದಿನ ಭೂಕಂಪ ಆಗ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ನಡುಕ ಅಲ್ಲ, ಮನೆ. ಮಣ್ಣು ಮೆತ್ತಿದ ದಪ್ಪ ಕಲ್ಲಿನ ಗೋಡೆ, ಭಾರದ ಮಣ್ಣಿನ ಮಾಳಿಗೆ ಮಲಗಿದವರ ಮೇಲೆ ಬಿದ್ದವು. ಮನೆ ಕಟ್ಟುವಾಗ ಬಾಗಿಲಿನ ಮೇಲೆ ಗೋಡೆಯ ಸುತ್ತಲೂ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ ಕಟ್ಟಿಸಿ. ಕಲ್ಲಿನ ಗೋಡೆಯಾದರೆ ನಡುನಡುವೆ ಎರಡೂ ಬದಿ ಮುಟ್ಟುವ ಉದ್ದನೆಯ ಕಲ್ಲು ಇಡಿಸಿ. ಚಾವಣಿ ಹಗುರ ಇರಲಿ. ಸೀಳು ಹುಡುಕುವುದು ವಿಜ್ಞಾನಿಗಳ ಕೆಲಸ. ಗಟ್ಟಿ ಮನೆ ಕಟ್ಟುವುದು ನಮ್ಮ ಕೆಲಸ.