ಕರೆ ಬರುವವರೆಗೆ ಕಾಯಬೇಕೆ?

ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನವರ ಕಾಯಕವಾಗಿತ್ತು. ಒಮ್ಮೆ ಅವರು ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಾಗ, ಕಾಯಕದ ಹೊತ್ತು ಮೀರಿತೆಂದು ಎಚ್ಚರಿಸಿದವರು ಮಡದಿ ಲಕ್ಕಮ್ಮನವರು. ಈ ಪ್ರಸಂಗವನ್ನು ಉಪನ್ಯಾಸಗಳಲ್ಲಿ ಕೇಳಿ ತಲೆದೂಗುವ ನಮ್ಮ ಮನೆಗಳಲ್ಲಿಯೇ, ಅರ್ಜಿ ಹಾಕಿ ಕರೆಗಾಗಿ ಕಾಯುತ್ತ ಕುಳಿತ ಮಕ್ಕಳನ್ನು ಎಚ್ಚರಿಸುವವರು ವಿರಳ.

ಸುಭಿಕ್ಷದ ದಿನಗಳಲ್ಲಿ ಹೀಗೆ ಕಾಯುವುದರಿಂದ ಹೆಚ್ಚು ಹಾನಿಯಿಲ್ಲ. ಆರ್ಥಿಕ ಹಿಂಜರಿತದ ಮಾತೇ ಬೇರೆ. 2008ರ ಸೆಪ್ಟೆಂಬರಿನಲ್ಲಿ ಅಮೆರಿಕೆಯ ಲೇಹ್‌ಮನ್ ಬ್ರದರ್ಸ್ ಸಂಸ್ಥೆ ದಿವಾಳಿಯಾದ ಬಳಿಕ, ನೇಮಕಪತ್ರ ಕೈಯಲ್ಲಿದ್ದ ಎಷ್ಟೋ ಇಂಜಿನಿಯರಿಂಗ್ ಪದವೀಧರರು ಸೇರುವ ದಿನಾಂಕಕ್ಕಾಗಿ ತಿಂಗಳುಗಟ್ಟಲೆ ಕಾದುದನ್ನು ನಾವು ಬಲ್ಲೆವು.

ಇಂಥ ಕಾಲದಲ್ಲಿ ಮೊದಲು ನಿಲ್ಲುವುದು ಪತ್ರಿಕಾ ಜಾಹೀರಾತು, ಕೆಲಸಗಳೆಲ್ಲವೂ ನಿಲ್ಲುವುದಿಲ್ಲ. ನಿವೃತ್ತರಾಗುವವರು, ಊರು ಬಿಡುವವರು ಇದ್ದೇ ಇರುತ್ತಾರೆ. ಆ ಸ್ಥಾನಗಳು ಪ್ರಕಟಣೆಗೆ ಮೊದಲೇ ಪರಿಚಿತರ ಪಾಲಾಗುವುದುಂಟು. ಇದೆಲ್ಲವೂ ವಶೀಲಿಯೆಂದು ಹಳಿಯುವುದು ಸುಲಭ. ಆದರೆ ಕಣ್ಣಿಗೇ ಬೀಳದವನನ್ನು ಮಾಲೀಕನು ಹೇಗೆ ತೆಗೆದುಕೊಂಡಾನು? ಬೆಳಗಾವಿಯ ಉದ್ಯಮಬಾಗ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಂಗಳೂರಿನ ಪೀಣ್ಯಗಳಲ್ಲಿರುವ ಸಣ್ಣ ಕಾರ್ಖಾನೆಗಳಿಗೆ ಖುದ್ದಾಗಿ ಹೋಗಬೇಕು. ಅಲ್ಲಿ ಏನು ತಯಾರಾಗುತ್ತದೆ ಎಂಬುದನ್ನು ಮೊದಲೇ ವಿಚಾರಿಸಿಕೊಂಡು, ತನ್ನಿಂದ ಯಾವ ಕೆಲಸವಾದೀತೆಂದು ಹೇಳಬೇಕು. ಒಂದೇ ಅರ್ಜಿಯ ನೂರು ಪ್ರತಿ ಹಂಚುವುದಕ್ಕಿಂತ, ಆಯಾ ಸಂಸ್ಥೆಗೆ ಹೊಂದುವಂತೆ ಬರೆದ ಹತ್ತು ಅರ್ಜಿಗಳು ಮೇಲು. ಒಮ್ಮೆ ಇಲ್ಲವೆಂದವರನ್ನು ತಿಂಗಳು ಬಿಟ್ಟು ಮತ್ತೆ ಕಾಣುವುದರಲ್ಲಿ ಅವಮಾನವೇನಿಲ್ಲ.

ಅವಮಾನದ ಮಾತು ಬಂದುದರಿಂದ ಹೇಳಬೇಕಾಗಿದೆ: ಮಗನ ಕೆಲಸ ಹೋದ ಸಂಗತಿಯನ್ನು ಬಂಧುಬಳಗದಿಂದ ಮುಚ್ಚಿಡುವ ಮನೆಗಳು ನಮ್ಮಲ್ಲಿ ಬಹಳ. ಮದುವೆಯ ಮಾತುಕತೆ ಕೆಟ್ಟೀತೆಂಬ ಅಂಜಿಕೆ ಅದರ ಹಿಂದಿದೆ. ಆದರೆ ಮುಚ್ಚಿಟ್ಟ ಮನೆಗೆ ಸುದ್ದಿ ತರುವವರಾರು? ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿದವರು ಇಂದು ಬ್ಯಾಂಕು, ಕಾರ್ಖಾನೆ, ಕಚೇರಿಗಳಲ್ಲಿದ್ದಾರೆ. ಜೊತೆಗೆ ಪಂಕ್ತಿಯಲ್ಲಿ ಕುಳಿತು ಉಂಡವನಿಗೆ ಒಂದು ಕಾಗದ ಬರೆಯಲು ಸಂಕೋಚವೇಕೆ? ಕೇಳಬೇಕಾದುದು ಉಪಕಾರವನ್ನಲ್ಲ, ಮಾಹಿತಿಯನ್ನು. ಸಂಜೆ ಮನೆಗೆ ಮರಳಿದವನನ್ನು "ಕೆಲಸ ಆಯಿತೆ?" ಎಂದು ದಿನವೂ ಕೇಳಿ ಕುಗ್ಗಿಸುವ ತಾಯಿತಂದೆಯರು, "ಇಂದು ಯಾರನ್ನು ಕಂಡೆ?" ಎಂದು ಕೇಳಿ ನೋಡಲಿ. ಹೆಣ್ಣುಮಕ್ಕಳ ವಿಷಯದಲ್ಲಿಯೂ ಇದೇ ಮಾತು; ಮದುವೆಯಾಗುವವರೆಗೆ ಹೊತ್ತು ಕಳೆಯಲೆಂದು ಅವರು ಓದಿದ್ದಲ್ಲ.

ಕೆಲಸ ದೊರೆಯುವವರೆಗಿನ ಅವಧಿ ಬರಿದಾಗಬೇಕಿಲ್ಲ. 1961ರ ಶಿಶಿಕ್ಷು ಕಾಯ್ದೆಯಂತೆ ಕಾರ್ಖಾನೆಯಲ್ಲಿ ತರಬೇತಿ ಪಡೆಯುವವರಿಗೆ ಶಿಷ್ಯವೇತನವುಂಟು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯು ಸ್ವಂತ ಉದ್ಯೋಗ ಹೂಡಬಯಸುವ ನಿರುದ್ಯೋಗಿಗಳಿಗೆ ಊಟ ವಸತಿಗಳೊಡನೆ ಉಚಿತ ತರಬೇತಿ ನೀಡುತ್ತದೆ. ಇಂಥ ದಾರಿಗಳಿರುವಾಗ, ಕೆಲಸ ಕೊಡಿಸುವೆನೆಂದು ಮುಂಗಡ ಕೇಳುವ ಮಧ್ಯವರ್ತಿಗೆ ಹೊಲ ಒತ್ತೆಯಿಟ್ಟು ಹಣ ಕೊಡುವವರನ್ನು ಕಂಡಾಗ ನಮಗೆ ವ್ಯಥೆಯಾಗುತ್ತದೆ. ಹಣ ಮೊದಲು ಕೇಳಿದನೆಂದರೆ ಅಲ್ಲಿಂದ ಎದ್ದು ಬರಬೇಕು.