ಉರಿಮೂತ್ರ: ಅದರ ಕಾರಣ, ಚಿಕಿತ್ಸೆ ಮತ್ತು ನಿವಾರಣೆ

ಮೂತ್ರವಿಸರ್ಜನೆಯ ಕಾಲದಲ್ಲಿ ಉಂಟಾಗುವ ಉರಿಯನ್ನು ಕನ್ನಡ ಮನೆಗಳಲ್ಲಿ ‘ಉರಿಮೂತ್ರ’ವೆಂದು ಕರೆದು, ಅದಕ್ಕೆ ‘ಉಷ್ಣ’ವೇ ಕಾರಣವೆಂದು ಹೇಳುವುದು ರೂಢಿ. ಬಿಸಿಲಿನಲ್ಲಿ ತಿರುಗಿದ್ದು, ಖಾರ ತಿಂದದ್ದು, ನಿದ್ದೆಗೆಟ್ಟದ್ದು ಇವುಗಳಲ್ಲೊಂದನ್ನು ಹೊಣೆಮಾಡಿ ಎಳನೀರನ್ನೋ ಬಾರ್ಲಿಯ ಗಂಜಿಯನ್ನೋ ಕೊತ್ತಂಬರಿ ಬೀಜದ ಕಷಾಯವನ್ನೋ ಕೊಡುತ್ತಾರೆ. ಪ್ರಾಚೀನ ವೈದ್ಯಶಾಸ್ತ್ರವೂ ಈ ಬಾಧೆಯನ್ನು ಚೆನ್ನಾಗಿ ಬಲ್ಲುದು. ಚರಕಸಂಹಿತೆಯು ಮೂತ್ರಕೃಚ್ಛ್ರವೆಂಬ ಹೆಸರಿನಲ್ಲಿ ಇದರ ಎಂಟು ಪ್ರಕಾರಗಳನ್ನು ಎಣಿಸುತ್ತದೆ. ಕೃಚ್ಛ್ರವೆಂದರೆ ಕಷ್ಟ, ಕಷ್ಟದಿಂದಾಗುವ ಮೂತ್ರವಿಸರ್ಜನೆಯೇ ಮೂತ್ರಕೃಚ್ಛ್ರ. ಈ ಎಲ್ಲ ಹೆಸರುಗಳೂ ರೋಗಿಯ ಅನುಭವವನ್ನು ಯಥಾರ್ಥವಾಗಿ ಹೇಳುತ್ತವೆ. ಆದರೆ ರೋಗದ ಮೂಲವನ್ನು ಹೇಳುವುದಿಲ್ಲ. ಆ ಮೂಲವು ಬಹುಮಟ್ಟಿಗೆ ಕಣ್ಣಿಗೆ ಕಾಣದ ಒಂದು ಸೂಕ್ಷ್ಮಜೀವಿ. ಇದನ್ನು ತಿಳಿಯದೆ ಹೋದುದರಿಂದ ಎರಡು ವಿರುದ್ಧವಾದ ತಪ್ಪುಗಳು ಬಳಕೆಗೆ ಬಂದಿವೆ: ಔಷಧ ಬೇಕಾದಲ್ಲಿ ಸುಮ್ಮನಿರುವುದು ಒಂದು, ಬೇಡವಾದಲ್ಲಿ ಔಷಧ ನುಂಗುವುದು ಇನ್ನೊಂದು.

ಮೂತ್ರವು ಎರಡು ಮೂತ್ರಪಿಂಡಗಳಲ್ಲಿ ಹುಟ್ಟಿ, ಎರಡು ಮೂತ್ರನಾಳಗಳ ಮೂಲಕ ಕೆಳಗಿಳಿದು, ಮೂತ್ರಕೋಶದಲ್ಲಿ ಸಂಗ್ರಹವಾಗಿ, ಅಲ್ಲಿಂದ ವಿಸರ್ಜನನಾಳದ ಮೂಲಕ ಹೊರಬೀಳುತ್ತದೆ. ರೋಗಾಣುಗಳು ಸಾಮಾನ್ಯವಾಗಿ ಈ ದಾರಿಯನ್ನು ಕೆಳಗಿನಿಂದ ಮೇಲಕ್ಕೆ ಏರುತ್ತವೆ. ಅವುಗಳಲ್ಲಿ ಮುಖ್ಯವಾದುದು 1885ರಲ್ಲಿ ಥಿಯೋಡೋರ್ ಎಶೆರಿಕ್ ಎಂಬ ವೈದ್ಯನು ಶಿಶುಗಳ ಮಲದಲ್ಲಿ ಗುರುತಿಸಿದ ಬ್ಯಾಕ್ಟೀರಿಯ; ಆತನ ಹೆಸರಿನಿಂದಲೇ ಅದನ್ನು ಎಶೆರಿಕಿಯ ಕೋಲಿ ಎಂದು ಕರೆಯುತ್ತಾರೆ. ಇತರ ತೊಡಕುಗಳಿಲ್ಲದ ಮೂತ್ರಸೋಂಕುಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲಿಗೆ ಇದೇ ಕಾರಣ. ಕರುಳಿನಲ್ಲಿ ಇದು ನಿರುಪದ್ರವಿಯಾದ ನಿವಾಸಿ. ಮೂತ್ರಮಾರ್ಗವನ್ನು ಹೊಕ್ಕಾಗ ಮಾತ್ರ ಶತ್ರು. ಇದರ ಮೈಮೇಲಿರುವ ಕೂದಲಿನಂತಹ ಎಳೆಗಳ ತುದಿಯು ಮೂತ್ರಕೋಶದ ಒಳಗೋಡೆಗೆ ಅಂಟಿಕೊಳ್ಳಬಲ್ಲುದಾದ್ದರಿಂದ, ಮೂತ್ರದ ಪ್ರವಾಹವು ಅದನ್ನು ಸುಲಭವಾಗಿ ಕೊಚ್ಚಿಕೊಂಡು ಹೋಗಲಾರದು. ಗೋಡೆ ಕೆರಳಿ ಊದಿಕೊಂಡಾಗ ಹುಟ್ಟುವ ವೇದನೆಯೇ ‘ಉಷ್ಣ’ವೆಂದು ತೋರುವ ಉರಿ.

ಈ ರೋಗವು ಸ್ತ್ರೀಯರಲ್ಲಿ ಹೆಚ್ಚು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಜೀವಮಾನದಲ್ಲಿ ಒಮ್ಮೆಯಾದರೂ ಇದನ್ನು ಅನುಭವಿಸುತ್ತಾರೆ. ಇದರಲ್ಲಿ ನಡತೆಯ ದೋಷವಾಗಲಿ ಶುಚಿತ್ವದ ಕೊರತೆಯಾಗಲಿ ಹುಡುಕಬೇಕಾದುದಿಲ್ಲ, ದೇಹರಚನೆಯೇ ಕಾರಣ. ಪುರುಷನ ವಿಸರ್ಜನನಾಳವು ಸುಮಾರು 20 ಸೆಂಟಿಮೀಟರ್ ಉದ್ದವಿದ್ದರೆ, ಸ್ತ್ರೀಯದು ಕೇವಲ 4 ಸೆಂಟಿಮೀಟರ್. ಮೇಲಾಗಿ ಅದರ ಬಾಯಿ ಗುದದ್ವಾರಕ್ಕೆ ಸಮೀಪ. ದಾಂಪತ್ಯದ ಸಂಪರ್ಕ, ಗರ್ಭಧಾರಣೆ, ಮುಟ್ಟು ನಿಂತ ಮೇಲೆ ಅಂಗಾಂಶಗಳಲ್ಲಾಗುವ ಬದಲಾವಣೆ ಇವೆಲ್ಲ ಅದಕ್ಕೆ ಅನುಕೂಲವನ್ನು ಕಲ್ಪಿಸುತ್ತವೆ. ಪುರುಷರಲ್ಲಿ ವಯಸ್ಸಾದಂತೆ ಪ್ರಾಸ್ಟೇಟ್ ಗ್ರಂಥಿಯು ದಪ್ಪವಾಗಿ ಮೂತ್ರವು ಪೂರ್ತಿ ಹೊರಹೋಗದೆ ಉಳಿಯುವುದು ಮುಖ್ಯ ಕಾರಣ. ಸಿಹಿಮೂತ್ರರೋಗ, ಮೂತ್ರದ ಕಲ್ಲು, ಆಸ್ಪತ್ರೆಗಳಲ್ಲಿ ಹಾಕುವ ಕೊಳವೆ ಇವು ಸ್ತ್ರೀಪುರುಷರಿಬ್ಬರಿಗೂ ಅಪಾಯವನ್ನು ಹೆಚ್ಚಿಸುತ್ತವೆ.

ಈ ಸೋಂಕಿನಲ್ಲಿ ಮೂರು ಸ್ಥಿತಿಗಳನ್ನು ಬೇರೆ ಬೇರೆಯಾಗಿ ತಿಳಿಯುವುದು ಅವಶ್ಯಕ. ಮೊದಲನೆಯದು ಮೂತ್ರಕೋಶದ ಸೋಂಕು: ಉರಿ, ಮತ್ತೆ ಮತ್ತೆ ಹೋಗಬೇಕೆನ್ನುವ ಅವಸರ, ಹೋದರೆ ನಾಲ್ಕು ಹನಿ, ಕಿಬ್ಬೊಟ್ಟೆಯ ನೋವು, ಕೆಲವೊಮ್ಮೆ ಮೂತ್ರದಲ್ಲಿ ರಕ್ತ. ಎರಡನೆಯದು ಮೂತ್ರಪಿಂಡಕ್ಕೇರಿದ ಸೋಂಕು: ನಡುಕದೊಡನೆ ಚಳಿಜ್ವರ, ಪಕ್ಕೆಯ ಹಿಂಭಾಗದಲ್ಲಿ ನೋವು, ವಾಂತಿ. ಇಲ್ಲಿ ಎಳನೀರನ್ನು ನಂಬಿ ದಿನ ಕಳೆಯುವುದು ಪ್ರಾಣಕ್ಕೆ ಅಪಾಯ; ರೋಗಾಣುಗಳು ರಕ್ತಕ್ಕೂ ಪ್ರವೇಶಿಸಬಹುದಾದ್ದರಿಂದ ಅಂದೇ ವೈದ್ಯರನ್ನು ಕಾಣಬೇಕು. ಮೂರನೆಯದು ಮೌನಸ್ಥಿತಿ: ಮೂತ್ರದಲ್ಲಿ ಬ್ಯಾಕ್ಟೀರಿಯಗಳು ಇದ್ದರೂ ಯಾವ ಬಾಧೆಯೂ ಇರುವುದಿಲ್ಲ. ವೃದ್ಧರಲ್ಲಿ ಇದು ಬಹಳ ಸಾಮಾನ್ಯ. ಇದಕ್ಕೆ ಸಾಮಾನ್ಯವಾಗಿ ಔಷಧ ಬೇಡ. ಗರ್ಭಿಣಿಯರಿಗೂ, ಮೂತ್ರಾಂಗಗಳ ಕೆಲವು ಶಸ್ತ್ರಕ್ರಿಯೆಗಳಿಗೆ ಸಿದ್ಧರಾಗುತ್ತಿರುವವರಿಗೂ ಮಾತ್ರ ಚಿಕಿತ್ಸೆ ಅಗತ್ಯ. ಗರ್ಭಿಣಿಯಲ್ಲಿ ಈ ಮೌನಸೋಂಕು ಮೂತ್ರಪಿಂಡಕ್ಕೆ ಏರುವ ಸಂಭವ ಹೆಚ್ಚು.

ಮೂತ್ರದ ಪರೀಕ್ಷೆಯ ಮಿತಿಯನ್ನೂ ಅರಿತಿರಬೇಕು. ಮೊದಲ ಧಾರೆಯನ್ನು ಬಿಟ್ಟು ನಡುವಿನ ಧಾರೆಯನ್ನು ಶುದ್ಧವಾದ ಸೀಸೆಯಲ್ಲಿ ಹಿಡಿಯದಿದ್ದರೆ, ಚರ್ಮದ ಮೇಲಿನ ಜೀವಿಗಳೇ ಅದರಲ್ಲಿ ಬೆಳೆದು ತಪ್ಪು ಫಲಿತಾಂಶ ಬರುತ್ತದೆ. 1956ರಲ್ಲಿ ಅಮೆರಿಕದ ಎಡ್ವರ್ಡ್ ಕಾಸ್ ಎಂಬ ವೈದ್ಯನು ಒಂದು ಮಿಲಿಲೀಟರ್ ಮೂತ್ರದಲ್ಲಿ 1 ಲಕ್ಷ ಬ್ಯಾಕ್ಟೀರಿಯಗಳೆಂಬ ಅಳತೆಯನ್ನು ಮುಂದಿಟ್ಟನು. ಅದು ಇಂದಿಗೂ ಬಳಕೆಯಲ್ಲಿದೆ; ಆದರೆ ಲಕ್ಷಣಗಳು ಸ್ಪಷ್ಟವಾಗಿರುವಾಗ ಅದಕ್ಕಿಂತ ಕಡಮೆ ಸಂಖ್ಯೆಯೂ ಸೋಂಕೇ ಆಗಬಹುದು. ಪ್ರಯೋಗಶಾಲೆಯ ಕಾಗದವನ್ನು ರೋಗಿಯ ಮಾತಿನೊಡನೆ ಕೂಡಿಸಿ ಓದಿದರೆ ಮಾತ್ರ ಅರ್ಥ.

ಚಿಕಿತ್ಸೆಯ ಇತಿಹಾಸವು ದೀರ್ಘವಾದುದಲ್ಲ. 1935ರಲ್ಲಿ ಜರ್ಮನಿಯ ಗೆರ್ಹಾರ್ಡ್ ಡೋಮಾಕ್ ಪ್ರಾಂಟೋಸಿಲ್ ಎಂಬ ಸಲ್ಫಾ ಔಷಧದ ಗುಣವನ್ನು ಪ್ರಕಟಿಸಿದ ಮೇಲೆಯೇ ರೋಗಾಣುಗಳನ್ನು ದೇಹದೊಳಗೆ ಎದುರಿಸುವುದು ವ್ಯಾಪಕವಾಗಿ ಸಾಧ್ಯವಾಯಿತು. 1953ರಲ್ಲಿ ಬಳಕೆಗೆ ಬಂದ ನೈಟ್ರೊಫ್ಯುರಾಂಟಾಯಿನ್ ಇಂದಿಗೂ ಮೂತ್ರಕೋಶದ ಸೋಂಕಿಗೆ ಮೊದಲ ಸಾಲಿನ ಔಷಧ. ಸಾಮಾನ್ಯವಾಗಿ 5 ದಿನ ಸಾಕು. ಫಾಸ್ಫೊಮೈಸಿನ್ ಎಂಬ ಇನ್ನೊಂದನ್ನು 3 ಗ್ರಾಂ ಪ್ರಮಾಣದಲ್ಲಿ ಒಂದೇ ಸಲ ಕೊಡುವುದುಂಟು. ಇವೆರಡೂ ಮೂತ್ರದಲ್ಲಿ ಸಾಂದ್ರವಾಗಿ ಸೇರುವುದರಿಂದ ಮೂತ್ರಕೋಶಕ್ಕೆ ಹೇಳಿಮಾಡಿಸಿದಂತಿವೆ; ಅದೇ ಕಾರಣದಿಂದ ಮೂತ್ರಪಿಂಡದ ಸೋಂಕಿಗೆ ಇವು ಸಾಲವು. ಯಾರಿಗೆ ಯಾವುದು, ಎಷ್ಟು ದಿನ ಎಂಬುದನ್ನು ವಯಸ್ಸು, ಗರ್ಭ, ಮೂತ್ರಪಿಂಡಗಳ ಶಕ್ತಿ ಇವುಗಳನ್ನು ನೋಡಿ ವೈದ್ಯರೇ ನಿರ್ಣಯಿಸಬೇಕು.

ಇಲ್ಲಿಯೇ ಎರಡನೆಯ ತಪ್ಪಿನ ಪರಿಣಾಮ ಗೋಚರಿಸುತ್ತದೆ. ಔಷಧದಂಗಡಿಯಲ್ಲಿ ಕೇಳಿ ಪಡೆದ ಎರಡು ಗುಳಿಗೆಗಳು, ಹಿಂದಿನ ವರ್ಷದ ಚೀಟಿಯಿಂದ ಮತ್ತೆ ಕೊಂಡ ಆಂಟಿಬಯೋಟಿಕ್, ಅಕ್ಕನಿಗೆ ಕೊಟ್ಟದ್ದನ್ನು ತಂಗಿ ನುಂಗುವುದು ಇವು ಮನೆಮನೆಯ ಸಂಗತಿಗಳು. ಇಂತಹ ಪ್ರತಿಯೊಂದು ಬಳಕೆಯಲ್ಲಿಯೂ ಕರುಳಿನ ಬ್ಯಾಕ್ಟೀರಿಯಗಳ ಪೈಕಿ ದುರ್ಬಲವಾದುವು ಸತ್ತು, ಔಷಧವನ್ನು ತಡೆಯಬಲ್ಲವು ಉಳಿದು ಬೆಳೆಯುತ್ತವೆ. ತಮ್ಮ ಶಕ್ತಿಯನ್ನು ನೆರೆಯ ಬ್ಯಾಕ್ಟೀರಿಯಗಳಿಗೂ ದಾಟಿಸುತ್ತವೆ. ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ತನ್ನ ನೊಬೆಲ್ ಉಪನ್ಯಾಸದಲ್ಲಿಯೇ ಅರೆಕೊರೆ ಪ್ರಮಾಣದ ಸೇವನೆಯ ಈ ಅಪಾಯವನ್ನು ಸೂಚಿಸಿದ್ದನು. ಭಾರತದಲ್ಲಿ ಒಂದು ಕಾಲಕ್ಕೆ ಮೂತ್ರಸೋಂಕಿಗೆ ಧಾರಾಳವಾಗಿ ಕೊಡುತ್ತಿದ್ದ ನಾರ್‌ಫ್ಲಾಕ್ಸಸಿನ್, ಸಿಪ್ರೊಫ್ಲಾಕ್ಸಸಿನ್ ಮುಂತಾದುವು ಇಂದು ಅನೇಕ ರೋಗಿಗಳಲ್ಲಿ ನಿಷ್ಫಲವಾಗುತ್ತಿವೆ. ಕೆಲವು ಬಗೆಯ ಆಂಟಿಬಯೋಟಿಕ್‌ಗಳ ಮಾರಾಟಕ್ಕೆ ವೈದ್ಯರ ಚೀಟಿಯನ್ನೂ ದಾಖಲೆಯನ್ನೂ ಕಡ್ಡಾಯ ಮಾಡುವ ಎಚ್-1 ಅನುಸೂಚಿಯು 2014ರ ಮಾರ್ಚಿಯಿಂದ ಜಾರಿಯಲ್ಲಿದೆ. ಆದರೆ ಕೊಳ್ಳುವವರ ವಿವೇಕವಿಲ್ಲದೆ ಶಾಸನವೊಂದೇ ಏನನ್ನೂ ಸಾಧಿಸಲಾರದು.

ನಿವಾರಣೆಯ ಮಾರ್ಗಗಳು ಸರಳ. ಅವುಗಳಲ್ಲಿ ಮೊದಲನೆಯದು ನೀರು. ಮೇಲಿಂದ ಮೇಲೆ ಸೋಂಕಿಗೆ ಒಳಗಾಗುತ್ತಿದ್ದ, ಕಡಮೆ ನೀರು ಕುಡಿಯುವ 140 ಸ್ತ್ರೀಯರನ್ನು ಕುರಿತು 2018ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ದಿನಕ್ಕೆ ಒಂದೂವರೆ ಲೀಟರ್ ನೀರನ್ನು ಹೆಚ್ಚಾಗಿ ಕುಡಿದವರಿಗೆ ವರ್ಷದಲ್ಲಿ ಸರಾಸರಿ 1.7 ಬಾರಿ ಸೋಂಕು ಬಂದರೆ, ಉಳಿದವರಿಗೆ 3.2 ಬಾರಿ ಬಂದಿತು. ಅಜ್ಜಿಯ ಬಾರ್ಲಿ ಗಂಜಿಗೂ ಎಳನೀರಿಗೂ ಸಲ್ಲಬೇಕಾದ ಮನ್ನಣೆ ಇಲ್ಲಿಯೇ ಇದೆ: ಅವು ‘ಉಷ್ಣ’ವನ್ನು ತಣಿಸುವುದಕ್ಕಿಂತ ಮೂತ್ರದ ಹರಿವನ್ನು ಹೆಚ್ಚಿಸುತ್ತವೆ. ಮೂತ್ರವನ್ನು ಬಹುಹೊತ್ತು ತಡೆಯದಿರುವುದು, ಶೌಚಾನಂತರ ಮುಂದಿನಿಂದ ಹಿಂದಕ್ಕೆ ಶುಚಿ ಮಾಡಿಕೊಳ್ಳುವುದು, ದಾಂಪತ್ಯಸಂಪರ್ಕದ ಅನಂತರ ಮೂತ್ರವಿಸರ್ಜಿಸುವುದು, ಸಿಹಿಮೂತ್ರವನ್ನು ಹತೋಟಿಯಲ್ಲಿಡುವುದು ಇವೂ ಹಿತಕರ. ಮುಟ್ಟು ನಿಂತ ಸ್ತ್ರೀಯರಲ್ಲಿ ಪದೇ ಪದೇ ಬರುವ ಸೋಂಕಿಗೆ ವೈದ್ಯರು ಸೂಚಿಸುವ ಈಸ್ಟ್ರೊಜೆನ್ ಲೇಪವು ಉಪಯುಕ್ತವೆಂದು ಸಿದ್ಧಪಟ್ಟಿದೆ.

ಆದರೆ ಮಹಾನಗರದಲ್ಲಿ ದುಡಿಯುವ ಹೆಂಗಸಿಗೆ ‘ನೀರು ಕುಡಿಯಿರಿ, ತಡೆಯಬೇಡಿ’ ಎಂದು ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಲೋಕಲ್ ಗಾಡಿಯ ದೀರ್ಘ ಪ್ರಯಾಣ, ಬೀದಿಬದಿಯ ಅಂಗಡಿ, ಮನೆಮನೆಯ ಚಾಕರಿ ಇವುಗಳ ನಡುವೆ ಶುಚಿಯಾದ ಶೌಚಾಲಯ ಸಿಗದೆಂದು ಬೆಳಗಿನಿಂದಲೇ ನೀರು ಬಿಡುವವರು ಅನೇಕರು. ಪುರುಷರಿಗೆ ಉಚಿತವಾದುದಕ್ಕೆ ಸ್ತ್ರೀಯರಿಂದ ಹಣ ಪಡೆಯುವುದನ್ನು ಪ್ರಶ್ನಿಸಿ ಮುಂಬಯಿಯಲ್ಲಿ 2011ರಲ್ಲಿ ಆಂದೋಲನವೊಂದು ಆರಂಭವಾಯಿತು. 2015ರ ಡಿಸೆಂಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಸ್ತ್ರೀಯರಿಗಾಗಿ ಶುಚಿಯಾದ ಶೌಚಾಲಯಗಳನ್ನು ಒದಗಿಸುವುದು ನಗರಸಭೆಗಳ ಕರ್ತವ್ಯವೆಂದು ನಿರ್ದೇಶಿಸಿತು. ಈ ರೋಗದ ನಿವಾರಣೆಯು ಅರ್ಧ ವೈದ್ಯರ ಕೈಯಲ್ಲಿದ್ದರೆ ಇನ್ನರ್ಧ ನಗರಪಾಲಿಕೆಯ ಕೈಯಲ್ಲಿದೆ.

ಹೊರನಾಡಿನ ಕನ್ನಡತಿಗೆ ಇನ್ನೊಂದು ತೊಡಕೂ ಉಂಟು, ಅದು ಭಾಷೆಯದು. ‘ಉಷ್ಣವಾಗಿದೆ’ ಎಂಬ ಮಾತನ್ನು ನೆರೆಯ ಭಾಷೆಗೆ ತಿರುಗಿಸಿ ‘ಗರಮಿ’ ಎಂದರೆ, ಮರಾಠಿಯಲ್ಲಿ ಆ ಶಬ್ದಕ್ಕೆ ಸೆಕೆಯೆಂಬ ಅರ್ಥದ ಜೊತೆಗೆ ಗುಹ್ಯರೋಗವೆಂಬ ಹಳೆಯ ಅರ್ಥವೂ ಇದೆ. ಮಗನೋ ಅಳಿಯನೋ ದುಭಾಷಿಯಾಗಿ ಜೊತೆಗಿದ್ದರೆ ಸಂಕೋಚ ಇಮ್ಮಡಿಸಿ, ಬಾಯಿ ಕಟ್ಟುತ್ತದೆ. ಆದ್ದರಿಂದ ಇಲ್ಲಿ ಹೆಸರಿಗಿಂತ ಲಕ್ಷಣಗಳನ್ನು ಬಿಡಿಬಿಡಿಯಾಗಿ ಹೇಳುವುದು ಲೇಸು: ಎಷ್ಟು ದಿನದಿಂದ ಉರಿ, ದಿನಕ್ಕೆ ಎಷ್ಟು ಬಾರಿ, ಜ್ವರವಿದೆಯೆ, ಪಕ್ಕೆಯಲ್ಲಿ ನೋವಿದೆಯೆ, ರಕ್ತ ಕಂಡಿತೆ, ಗರ್ಭಿಣಿಯೆ, ಹಿಂದೆ ಯಾವ ಔಷಧ ತೆಗೆದುಕೊಂಡದ್ದು. ಈ ಏಳು ಪ್ರಶ್ನೆಗಳ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೂ ವೈದ್ಯರ ಕೆಲಸ ಅರ್ಧ ಹಗುರಾಗುತ್ತದೆ. ಮೂರು ಸ್ಥಿತಿಗಳ ಭೇದವನ್ನು ಮನೆಯ ಹೆಂಗಸರೂ ಗಂಡಸರೂ ನಾಚಿಕೆಯಿಲ್ಲದೆ ಅರಿತುಕೊಂಡರೆ, ಜ್ವರಕ್ಕೆ ತಿರುಗುವ ಮೊದಲೇ ಈ ರೋಗವನ್ನು ತಡೆಯಬಹುದು; ಉಳಿದಿರುವ ಔಷಧಗಳ ಶಕ್ತಿಯನ್ನೂ ಮುಂದಿನ ತಲೆಮಾರಿಗಾಗಿ ಕಾಪಾಡಬಹುದು.