ಚರ್ಮದ ಶಸ್ತ್ರಚಿಕಿತ್ಸೆ: ಕೆಲವು ಗಾಯಗಳಷ್ಟೇ ಕೀವುಗಟ್ಟುವುದೇಕೆ?

ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ನೀವು ದಿನಕ್ಕೆ ಎಂಟು ಗಂಟೆ ಯಂತ್ರದ ಮುಂದೆ ನಿಂತು ಕೆಲಸ ಮಾಡುವವರೆಂದು ಭಾವಿಸಿ. ನಿಮ್ಮ ಕುತ್ತಿಗೆಯ ಮೇಲೊಂದು, ಮೊಣಕಾಲಿನ ಕೆಳಗೊಂದು ಕೊಬ್ಬಿನ ಗಂಟು ಇವೆ. ಒಂದೇ ದಿನ, ಒಬ್ಬರೇ ವೈದ್ಯರು ಎರಡನ್ನೂ ತೆಗೆದು ಹೊಲಿಗೆ ಹಾಕುತ್ತಾರೆ. ಮರುದಿನವೇ ನೀವು ಪಾಳಿಗೆ ಹೋಗುತ್ತೀರಿ. ವಾರದ ನಂತರ ನೋಡಿದರೆ ಕುತ್ತಿಗೆಯ ಗಾಯ ಒಣಗಿದೆ; ಕಾಲಿನ ಗಾಯ ಕೆಂಪಾಗಿ, ಊದಿಕೊಂಡು ಕೀವು ಸುರಿಸುತ್ತಿದೆ. ವೈದ್ಯರೂ ಅವರೇ, ಉಪಕರಣಗಳೂ ಅವೇ. ಹಾಗಾದರೆ ಈ ವ್ಯತ್ಯಾಸಕ್ಕೆ ಕಾರಣವೇನು?

ಇದು ಆಕಸ್ಮಿಕವೇನಲ್ಲ. ಚರ್ಮದಿಂದ 5,091 ಗಂಟು, ಹುಣ್ಣು ಇತ್ಯಾದಿಗಳನ್ನು ತೆಗೆದಾಗ ಉಂಟಾದ ಗಾಯಗಳ ಬಗೆಗಿನ ಅಧ್ಯಯನವೊಂದು ಆಸ್ಟ್ರೇಲಿಯಾದಿಂದ 2006ರಲ್ಲಿ ಪ್ರಕಟವಾಯಿತು. ಆ ರೋಗಿಗಳಿಗೆ ಮುನ್ನೆಚ್ಚರಿಕೆಯ ಆಂಟಿಬಯಾಟಿಕ್ ಕೊಟ್ಟಿರಲಿಲ್ಲ. ಆದರೂ ಒಟ್ಟಾರೆ ಸೋಂಕು ತಗುಲಿದ್ದು ಶೇ. 1.47ರಷ್ಟು ಗಾಯಗಳಿಗೆ ಮಾತ್ರ. ಕತ್ತರಿಸಿ ನೇರವಾಗಿ ಹೊಲಿದ ಗಾಯಗಳಲ್ಲಿ ಇದು ಶೇ. 0.54 ಇದ್ದರೆ, ಬೇರೆಡೆಯ ಚರ್ಮವನ್ನು ತಂದು ಕಸಿ ಮಾಡಿದಲ್ಲಿ ಶೇ. 8.7 ಇತ್ತು. ಮೊಣಕಾಲಿನ ಕೆಳಗಿನ ಗಾಯಗಳಲ್ಲಿ ಶೇ. 6.9. ಅಂದರೆ ಗಾಯ ಎಲ್ಲಿದೆ, ಅದನ್ನು ಹೇಗೆ ಮುಚ್ಚಲಾಗಿದೆ ಎಂಬುದು ಬಹಳ ಮುಖ್ಯ.

ಎಷ್ಟು ಬ್ಯಾಕ್ಟೀರಿಯಾ ಸಾಕು?

ನಮ್ಮ ಚರ್ಮದ ಮೇಲೆ ಬ್ಯಾಕ್ಟೀರಿಯಾಗಳು ಸದಾ ಇರುತ್ತವೆ. ಎಷ್ಟೇ ಶುಚಿಗೊಳಿಸಿದರೂ ರೋಮಕೂಪಗಳಲ್ಲಿ ಕೆಲವು ಉಳಿಯುತ್ತವೆ. ಎಲೆಕ್ ಮತ್ತು ಕೊನೆನ್ ಎಂಬ ಸಂಶೋಧಕರು 1957ರಲ್ಲಿ ಸ್ವಯಂಸೇವಕರ ಚರ್ಮದೊಳಗೆ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾವನ್ನು ಸೇರಿಸಿ ಪರೀಕ್ಷಿಸಿದರು. ಕೀವು ಉಂಟಾಗಲು ಹತ್ತಾರು ಲಕ್ಷ ಬ್ಯಾಕ್ಟೀರಿಯಾ ಬೇಕಾದವು. ಆದರೆ ಅದೇ ಜಾಗದಲ್ಲಿ ರೇಷ್ಮೆ ದಾರದ ಹೊಲಿಗೆಯಿದ್ದಾಗ ಕೆಲವು ನೂರು ಸಾಕಾದವು! ದೇಹಕ್ಕೆ ಪರಕೀಯವಾದ ವಸ್ತುವಿದ್ದರೆ ರಕ್ಷಣಾಬಲ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಗಾಯದಲ್ಲಿ ಉಳಿದ ಧೂಳು, ಲೋಹದ ಚೂರು, ಹೆಪ್ಪುಗಟ್ಟಿದ ರಕ್ತ, ಸತ್ತ ಅಂಗಾಂಶ ಇವೂ ಬ್ಯಾಕ್ಟೀರಿಯಾಗಳಿಗೆ ಆಸರೆಯಾಗುತ್ತವೆ.

ನಿಂತ ಕಾಲಿನ ಭೌತವಿಜ್ಞಾನ

ಬ್ಯಾಕ್ಟೀರಿಯಾಗಳನ್ನು ನುಂಗುವ ಬಿಳಿ ರಕ್ತಕಣಗಳು ಆಕ್ಸಿಜನ್ ಬಳಸಿ ಹೈಡ್ರೊಜನ್ ಪೆರಾಕ್ಸೈಡ್‌ನಂತಹ ತೀಕ್ಷ್ಣ ರಾಸಾಯನಿಕಗಳನ್ನು ತಯಾರಿಸಿ ಅವನ್ನು ಕೊಲ್ಲುತ್ತವೆ. ಆಕ್ಸಿಜನ್ ಕಡಿಮೆಯಾದರೆ ಈ ಅಸ್ತ್ರ ಮೊಂಡಾಗುತ್ತದೆ.

ಈಗ ಒಂದು ಸರಳ ಲೆಕ್ಕ ಮಾಡೋಣ. ದ್ರವಸ್ತಂಭದ ಒತ್ತಡ = ಸಾಂದ್ರತೆ × ಗುರುತ್ವ ವೇಗೋತ್ಕರ್ಷ × ಎತ್ತರ. ರಕ್ತದ ಸಾಂದ್ರತೆ ಘನಮೀಟರಿಗೆ 1,060 ಕಿಲೋಗ್ರಾಂ. ಹೃದಯದಿಂದ ಪಾದಕ್ಕೆ ಸುಮಾರು 1.2 ಮೀಟರ್. ಗುಣಿಸಿದರೆ ಸುಮಾರು 12,500 ಪಾಸ್ಕಲ್, ಅಂದರೆ 90 ಮಿಲಿಮೀಟರ್ ಪಾದರಸಕ್ಕೂ ತುಸು ಹೆಚ್ಚು. ಅಲುಗಾಡದೆ ನಿಂತವರ ಪಾದದ ಅಭಿಧಮನಿಗಳಲ್ಲಿ ಹೆಚ್ಚುಕಡಿಮೆ ಇಷ್ಟು ಒತ್ತಡವಿರುತ್ತದೆ. ಈ ಒತ್ತಡಕ್ಕೆ ಲೋಮನಾಳಗಳಿಂದ ದ್ರವ ಸೋರಿ ಕಾಲು ಊದುತ್ತದೆ. ಊದಿದಾಗ ಲೋಮನಾಳಕ್ಕೂ ಜೀವಕೋಶಕ್ಕೂ ಅಂತರ ಹೆಚ್ಚುತ್ತದೆ. ಆಕ್ಸಿಜನ್ ಈ ಅಂತರವನ್ನು ವಿಸರಣೆಯಿಂದಲೇ ದಾಟಬೇಕು. ವಿಸರಣೆಗೆ ಬೇಕಾದ ಕಾಲ ದೂರದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ದೂರ ಎರಡರಷ್ಟಾದರೆ ಕಾಲ ನಾಲ್ಕರಷ್ಟಾಗುತ್ತದೆ. ಜೊತೆಗೆ ಊತವು ಹೊಲಿಗೆಯ ಅಂಚುಗಳನ್ನು ಎಳೆಯುತ್ತದೆ. ಮಲಗಿ ಕಾಲನ್ನು ಎತ್ತರಿಸಿದರೆ ದ್ರವಸ್ತಂಭವೇ ಇಲ್ಲವಾಗುತ್ತದೆ. ನಡೆದಾಗಲೂ ಮೀನಖಂಡದ ಸ್ನಾಯುಗಳು ಪಂಪಿನಂತೆ ರಕ್ತವನ್ನು ಮೇಲಕ್ಕೆ ತಳ್ಳಿ ಒತ್ತಡವನ್ನು ತಗ್ಗಿಸುತ್ತವೆ. ತೊಂದರೆಯಿರುವುದು ನಿಂತಲ್ಲೇ ನಿಲ್ಲುವುದರಲ್ಲಿ.

ಇತರ ಅಪಾಯಾಂಶಗಳು

ಮಧುಮೇಹ: ರಕ್ತದಲ್ಲಿ ಸಕ್ಕರೆ ಹೆಚ್ಚಿದಾಗ ಬಿಳಿ ರಕ್ತಕಣಗಳ ಚಟುವಟಿಕೆ ಕುಂದುತ್ತದೆ. 2009ರಲ್ಲಿ ಪ್ರಕಟವಾದ ಮತ್ತೊಂದು ಆಸ್ಟ್ರೇಲಿಯಾ ಅಧ್ಯಯನದಲ್ಲಿ ಮಧುಮೇಹಿಗಳ ಚರ್ಮದ ಗಾಯಗಳಲ್ಲಿ ಶೇ. 4.2, ಇತರರಲ್ಲಿ ಶೇ. 2.0 ಸೋಂಕು ಕಂಡುಬಂತು.

ಬೀಡಿ, ಸಿಗರೇಟು: ನಿಕೋಟಿನ್ ಚರ್ಮದ ರಕ್ತನಾಳಗಳನ್ನು ಸಂಕುಚಿಸುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಆಕ್ಸಿಜನ್ನಿಗಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಮೊಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಸ್ವಯಂಸೇವಕರ ಚರ್ಮದಲ್ಲಿ ಸಣ್ಣ ಗಾಯ ಮಾಡಿ ನಡೆಸಿದ, 2003ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಪ್ರಯೋಗದಲ್ಲಿ ಧೂಮಪಾನಿಗಳ ಶೇ. 12ರಷ್ಟು, ಎಂದೂ ಸೇದದವರ ಶೇ. 2ರಷ್ಟು ಗಾಯಗಳು ಸೋಂಕಿಗೆ ಒಳಗಾದವು. ನಾಲ್ಕು ವಾರ ಬಿಟ್ಟವರಲ್ಲಿ ಸೋಂಕು ಬಹಳ ತಗ್ಗಿತು.

ಬ್ಲೇಡಿನಿಂದ ಕೂದಲು ಬೋಳಿಸುವುದು: ಬ್ಲೇಡು ಕಣ್ಣಿಗೆ ಕಾಣದ ಗೀರುಗಳನ್ನು ಮಾಡುತ್ತದೆ, ಅವು ಬ್ಯಾಕ್ಟೀರಿಯಾಗಳ ತವರು. ಬೇಕಿದ್ದರೆ ಆಸ್ಪತ್ರೆಯಲ್ಲೇ ಕ್ಲಿಪ್ಪರ್‌ನಿಂದ ಕೂದಲು ಕತ್ತರಿಸುತ್ತಾರೆ. ಮನೆಯಲ್ಲಿ ಬೋಳಿಸಿಕೊಂಡು ಹೋಗಬೇಡಿ.

ಮಾತ್ರೆಯೊಂದೇ ಉತ್ತರವಲ್ಲ

ಔಷಧದಂಗಡಿಯಿಂದ ತಾವಾಗಿಯೇ ಆಂಟಿಬಯಾಟಿಕ್ ತಂದು ನುಂಗುವವರು ನಮ್ಮಲ್ಲಿ ಕಡಿಮೆಯಿಲ್ಲ. ರಕ್ತ ಸರಿಯಾಗಿ ತಲುಪದ ಕಡೆಗೆ ರಕ್ತದಲ್ಲಿ ಸಾಗುವ ಔಷಧವೂ ಸರಿಯಾಗಿ ತಲುಪುವುದಿಲ್ಲ. ಸೋಂಕು ತಡೆಯಲೆಂದು ಕೊಡುವ ಆಂಟಿಬಯಾಟಿಕ್ ಅನ್ನು ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಮುಂದುವರಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಹೇಳಿದೆ. ಅನಗತ್ಯ ಬಳಕೆಯಿಂದ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ. ಮಧುಮೇಹ ಮೊದಲಾದ ತೊಂದರೆಯುಳ್ಳವರಿಗೆ ಔಷಧ ಬೇಕೇ ಬೇಡವೇ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ನೀವು ಮಾಡಬಹುದಾದ್ದು ಬೇರೆಯೇ ಇದೆ. ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ. ಬೀಡಿ ಬಿಡಿ. ನಿಂತು ಮಾಡುವ ಕೆಲಸವೆಂದು ವೈದ್ಯರಿಗೆ ಮೊದಲೇ ತಿಳಿಸಿ. ಕಾಲಿನ ಗಾಯವಾದರೆ ಕೆಲವು ದಿನ ರಜೆ ಪಡೆಯಿರಿ ಇಲ್ಲವೇ ಕುಳಿತು ಮಾಡುವ ಕೆಲಸ ಕೇಳಿ. ಇ.ಎಸ್.ಐ. ವ್ಯಾಪ್ತಿಯ ಕಾರ್ಮಿಕರಿಗೆ ವೈದ್ಯರ ಪ್ರಮಾಣಪತ್ರದ ಮೇಲೆ, ನಿಯಮಾನುಸಾರ, ಅನಾರೋಗ್ಯ ಭತ್ಯೆ ದೊರೆಯುತ್ತದೆ. ಗಾಯಕ್ಕೆ ಅರಿಶಿನ, ಸೊಪ್ಪಿನ ರಸ ಹಚ್ಚಬೇಡಿ.

ಮೂರು ದಿನಗಳ ನಂತರ ನೋವು ಇಳಿಯುವ ಬದಲು ಏರುತ್ತಿದ್ದರೆ, ಕೆಂಪು ಹರಡುತ್ತಿದ್ದರೆ, ಕೀವು ಅಥವಾ ಜ್ವರ ಕಂಡರೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನೋ, ಹತ್ತಿರದ ಆಸ್ಪತ್ರೆಯನ್ನೋ ಅಂದೇ ಕಾಣಿ. ಒಂದೆರಡು ಹೊಲಿಗೆ ಬಿಚ್ಚಿ ಕೀವನ್ನು ಹೊರಬಿಡುವುದು ಹಲವು ವೇಳೆ ಮಾತ್ರೆಗಿಂತ ಮುಖ್ಯವಾದ ಚಿಕಿತ್ಸೆ.